ಒಂದಕ್ಕೆ ನಲವತ್ತು

ಹಗಲು ಊರಿನ ಬಾಯಿಗೆಲ್ಲ ಹಲ್ಲು ಕಟ್ಟುತ್ತಾನೆ ಲುದೋಮಿರ್.
ರಾತ್ರಿ, ಪೋಜ್ನಾನಿನ ಆ ಮೂರನೇ ಮಹಡಿಯಲ್ಲಿ
ಅದೇ ಸಣ್ಣ ಕುಂಚ, ಅದೇ ಭೂತಗನ್ನಡಿ.
ಟ್ರ್ಯಾಮು ಹಾದಾಗಲೆಲ್ಲ ಕಪಾಟಿನ ಗಾಜು ನಡುಗಿ
ನೂರ ಹನ್ನೆರಡು ಪ್ರಾಣಿ ಒಟ್ಟಿಗೇ ಕಿವಿ ನಿಮಿರಿಸಿದಂತೆ;
ಹೆಚ್ಚಿನವಕ್ಕೆ ಕಿವಿಯೇ ಇಲ್ಲ.

ಒಂದಕ್ಕೆ ನಲವತ್ತು, ಅದೇ ಅಳತೆ ಎಲ್ಲಕ್ಕೂ.
ಗೇಣುದ್ದದ ಟ್ರೈಸೆರಟಾಪ್ಸ್.
ಒಂದೂವರೆ ಮೊಳದ ಡಿಪ್ಲೊಡೊಕಸ್ಸಿಗೆ ಕಪಾಟು ಸಾಲದೆ
ಫ್ರಿಜ್ಜಿನ ಮೇಲೆ ವಾಸ.
ಬಣ್ಣ? ಕಂಡವರು ಯಾರು!
ತಾನು ಕಂಡದ್ದನ್ನೇ ಬಳಿಯುತ್ತಾನೆ: ಕಿಟಕಿಯ ಪಾರಿವಾಳದ
ಕೊರಳ ಹಸಿರು, ಬೀಟ್‌ರೂಟ್ ಸಾರು ಚೆಲ್ಲಿದ
ಮೇಜುಬಟ್ಟೆಯ ಕೆಂಪು. ಹಲ್ಲಿಗೆ ಮಾತ್ರ
ಚಹಾ ಕುಡಿದು ಕುಡಿದು ಕಟ್ಟಿದ ಕರೆ,
ಅದು ಅಭ್ಯಾಸಬಲ.

ಅಳತೆಗೆ ಸೇರದ್ದು ಒಂದಿದೆ, ಎಲ್ಲಕ್ಕಿಂತ ಮುಂದೆ:
ಬಾಲ್ಯದ ರಬ್ಬರ್ ಟಿರಾನೋಸಾರಸ್. ಬಾಲವೂರಿ,
ಮಾಂಸದಂಗಡಿಯ ಸರದಿಯಲ್ಲಿ ನಿಂತ ಅಪ್ಪನ ಹಾಗೆ ನೆಟ್ಟಗೆ.

"ಇದು ತಪ್ಪು," ಅಂದ ಕೆಳಮನೆಯ ಇಗ್ನಾತ್ಸಿ, ಒಂಬತ್ತು ವರ್ಷದವ.
"ಬಾಲ ನೆಲ ಮುಟ್ಟುತ್ತಲೇ ಇರಲಿಲ್ಲ."
"ಗೊತ್ತು. ನಮಗೆ ಹೀಗೇ ಹೇಳಿಕೊಟ್ಟಿದ್ದರು, ಏನೇನೋ."

ಹುಡುಗ ಯೋಚಿಸಿ ಕೇಳಿದ:
ಮೈ ಕುಗ್ಗಿಸಿದ ಮೇಲೆ ಕಾಲವನ್ನೂ ಕುಗ್ಗಿಸಬೇಡವೆ?
ಆರೂವರೆ ಕೋಟಿ ವರ್ಷ, ಭಾಗಿಸು ನಲವತ್ತು.
ಹದಿನಾರು ಲಕ್ಷ ದಾಟಿತು.
ಆದರೂ ಕೈಗೆಟುಕದು.

ಅವನು ಮೆಟ್ಟಿಲಿಳಿದ ಮೇಲೆ, ಗಿರಾಕಿಯ ಚೀಟಿಯ ಬೆನ್ನಿಗೆ
ತನ್ನ ಅರವತ್ತನಾಲ್ಕನ್ನೂ ಭಾಗಿಸಿದ ಲುದೋಮಿರ್:
ಒಂದೂವರೆ ವರ್ಷ, ಮೇಲೆ ಚಿಲ್ಲರೆ.
ಕೋರೆಹಲ್ಲು ಆಗತಾನೇ
ಒಸಡು ಒಡೆಯುವ ವಯಸ್ಸು.