ಎರಡು ತಟ್ಟೆ, ಒಂದು ಪಂಕ್ತಿ

ಬೆಳಿಗ್ಗೆ ಏಳಕ್ಕೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ಮೊದಲು ಮೂಗಿಗೆ ಬಡಿಯುವುದು ಬೆಚ್ಚನೆಯ ಹಳಸಲು.
ಹೊರಗೆ ಕೆತ್ಸಾಲ್ತೆನಾಂಗೊ ಇನ್ನೂ ಮಂಜಿನೊಳಗೆ,
ನಮ್ಮ ಬಾಯಿಗೆ ಅದು ಬರೀ ಶೇಲಾ.
ಜ್ವಾಲಾಮುಖಿ ಕಾಣುವುದಿಲ್ಲ,
ಬಸ್ಸಿನ ಹೊಗೆ ಮಾತ್ರ ಕಾಣುತ್ತದೆ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ನನಗೆ.
ಊರ ಹೊಟ್ಟೆಯಲ್ಲಿದ್ದುದನ್ನು ತಟ್ಟೆಗೆ ಬಡಿಸಿ
ರಾತ್ರಿಯಿಡೀ ಕಾವಿಗಿಟ್ಟು
ಉಂಡು ಬೆಳೆದವರು ಯಾರೆಂದು ಬೆಳಿಗ್ಗೆ ಎಣಿಸುವುದು.

ಇವತ್ತು ಪಕ್ಕಪಕ್ಕದಲ್ಲಿ ಎರಡು.
ನಲವತ್ತೊಂದು: ಯೋರಿಸ್, ಹಾಲೆಂಡಿನವನು, ವಯಸ್ಸು ಇಪ್ಪತ್ತಮೂರು,
ಸ್ಪ್ಯಾನಿಷ್ ಕಲಿಯಲು ಬಂದವನು.
ನಲವತ್ತೆರಡು: ಎಲ್ಮೆರ್ ಇಶ್ಕೊಯ್, ಹದಿನಾಲ್ಕು ತಿಂಗಳು,
ಯಾವ ಭಾಷೆಯನ್ನೂ ಇನ್ನೂ ಕಲಿಯದವನು.

ಯೋರಿಸ್ ನಿನ್ನೆ ಕಿಟಕಿಗೆ ಆತುಕೊಂಡು ಕೇಳಿದ್ದ:
‘ಪಾಯಿಖಾನೆ ಎಲ್ಲಿದೆ, ದಯವಿಟ್ಟು?’
ವ್ಯಾಕರಣ ತಪ್ಪಿಲ್ಲದೆ ಅವನಾಡಿದ ಮೊದಲ ವಾಕ್ಯವಂತೆ,
ಟೀಚರಮ್ಮ ನಗು ತಡೆಯಲಾರದೆ ಹೇಳಿದಳು.

ಎಲ್ಮೆರನನ್ನು ಬೆನ್ನಿಗೆ ಕಟ್ಟಿ ತಂದವಳು ಕಾಂದೆಲಾರಿಯಾ,
ಮಗ್ಗದ ಹೆಂಗಸು. ಮಡಿಸಿ ತಂದ ಬಟ್ಟೆ ಬಿಚ್ಚಿ
‘ಕೆಂಪು ಕಂಡೆ’ ಅಂದಳು,
‘ನನ್ನ ನೂಲೇ ಬಣ್ಣ ಬಿಟ್ಟಿತೇನೋ ಅಂದುಕೊಂಡೆ.
ಎರಡು ಸಲ ಒಗೆದೆ.’

ತಟ್ಟೆಯಲ್ಲಿ ಗುಲಾಬಿ ಅರಳಿದರೆ ಒಂದು ಕುಲ,
ಅರಳದಿದ್ದರೆ ಇನ್ನೊಂದು.
ಎರಡರಲ್ಲೂ ಬಣ್ಣವಿಲ್ಲ.
ಸೋಪಿನ ಗುಳ್ಳೆ ಒಡೆದಲ್ಲಿ ಉಳಿಯುತ್ತದಲ್ಲ ಒಂದು ಗುರುತು,
ಅಂಥವು, ಅಷ್ಟೇ ಮಂಕು.
ಮತ್ತೆರಡು ಪರೀಕ್ಷೆ ಮಾಡಿ ಎರಡು ಚೀಟಿಯಲ್ಲೂ
ಒಂದೇ ಹೆಸರು ಬರೆದೆ: ಶಿಗೆಲ್ಲಾ.

ಅದಕ್ಕೆ ಹತ್ತಿಪ್ಪತ್ತು ಜೀವ ಸಾಕು ಊರು ಹೂಡಲು.
ಉಗುರಿನ ಸಂದು ಸಾಕು, ನೊಣದ ಕಾಲು ಸಾಕು,
ತೊಳೆದ ಎಲೆಕೋಸಿನ ಮೇಲೆ ತೊಳೆದ ನೀರೇ ಸಾಕು.
ಪಾಸ್‌ಪೋರ್ಟು ಕೇಳುವುದಿಲ್ಲ, ಹಲ್ಲು ಬಂದಿದೆಯೇ ನೋಡುವುದಿಲ್ಲ,
ಒಂದೇ ಪಂಕ್ತಿಯಲ್ಲಿ ಕೂರಿಸಿ ಎಲ್ಲರಿಗೂ ಸಮ ಬಡಿಸುತ್ತದೆ.
ಭೇದಿಗೆ ಭೇದವಿಲ್ಲ ಎಂದು ಹೇಳಿ
ನಾನಿಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು.

ಐದನೆಯ ದಿನ ಯೋರಿಸ್ ಬಂದ, ಚಾಕೊಲೇಟು ತಂದ.
ಮೂರು ಕಿಲೋ ಇಳಿದಿದ್ದೇನೆ ನೋಡಿ, ಎಂದು ಬೆಲ್ಟಿನ ಹೊಸ ತೂತು ತೋರಿಸಿದ.
ಊರಿಗೆ ಹೋದಮೇಲೆ ಊಟದ ಮೇಜಿನಲ್ಲಿ ಹೇಳುತ್ತಾನೆ,
ಹೇಳಿದಷ್ಟೂ ಸಲ ಬಸ್ಸು ಹಳತಾಗುತ್ತದೆ,
ಜ್ವಾಲಾಮುಖಿ ಎತ್ತರವಾಗುತ್ತದೆ.
ಒಳ್ಳೆಯ ಹುಡುಗ. ಚಾಕೊಲೇಟು ತಿಂದೆ.

ಕಾಂದೆಲಾರಿಯಾಳ ಮನೆಯಲ್ಲಿ ಪಾತ್ರೆ ಒಂದು,
ಸೌದೆ ಲೆಕ್ಕದ್ದು.
ಕುದಿಸಿ ಆರಿಸಿದ ಒಂದು ಲೀಟರಿಗೆ ಒಂದು ಪೊಟ್ಟಣ,
ಔಷಧಿ ದಿನಕ್ಕೊಂದು ಹೊತ್ತು,
ಜಿಂಕ್ ಮಾತ್ರೆ ಚಮಚದಲ್ಲಿ ಕರಗಿಸಿ.
ರಾತ್ರಿಯಿಡೀ ಚಮಚ ಚಮಚ ಹಾಕಿದಳಂತೆ,
ಹೊಕ್ಕಿನ ಎಳೆ ಎಣಿಸುವ ಹಾಗೆ ಎಣಿಸುತ್ತ,
ಕಕ್ಕಿದರೆ ಹತ್ತು ನಿಮಿಷ ತಡೆದು, ಮತ್ತೆ ಒಂದರಿಂದ.
ಬೆಳಗಿನ ಜಾವ ಹುಡುಗ ಅತ್ತ.
ಕಣ್ಣಲ್ಲಿ ನೀರು ಬಂತು!
ಮಗ ಅತ್ತಿದ್ದಕ್ಕೆ ತಾಯಿ ನಕ್ಕಳು,
ಪಕ್ಕದ ಮನೆಯವರೆಲ್ಲ ಎದ್ದುಬರುವಷ್ಟು.

ಎಲ್ಲ ಸರಿಹೋಯಿತು ಎಂದು ಬರೆಯಲು
ಕಾರ್ಡಿನಲ್ಲಿ ಒಂದು ಖಾನೆ ಇದೆ. ಬರೆದೆ.
ಅಂಬೆಗಾಲಿಟ್ಟಂದಿನಿಂದ ಇದು ಐದನೆಯದು
ಎಂದು ಬರೆಯಲು ಖಾನೆ ಇಲ್ಲ.

ಹೊರಡುವಾಗ ಅವಳು ಸೊಂಟದಿಂದ ಒಂದು ನೀಲಿ ನೂಲು ತೆಗೆದಳು.
ತಿಂಗಳಿಗೊಮ್ಮೆ ಹುಡುಗನನ್ನು ಚಾಪೆಯ ಮೇಲೆ ನೀಟಾಗಿ ಮಲಗಿಸಿ
ನೆತ್ತಿಯಿಂದ ಹಿಮ್ಮಡಿಗೆ ಅಳೆದು
ಮುಟ್ಟಿದಲ್ಲಿ ಗಂಟು ಹಾಕುತ್ತಾಳಂತೆ.
ಮೊದಮೊದಲ ಗಂಟುಗಳು ಬೆರಳಗಲ ದೂರ ದೂರ.
ಆಮೇಲೆ ಹತ್ತಿರ.
ಕೊನೆಯ ಮೂರು
ಒಂದರ ಮೇಲೊಂದು ಕೂತು
ಒಂದೇ ದಪ್ಪ ಗಂಟಾಗಿವೆ.

ನನ್ನ ಕೈಯೊಳಗೆ ಹಾಕಿ ಕೇಳಿದಳು:
ಇದನ್ನು ಬಿಡಿಸಲು ಬರುತ್ತದೆಯೇ, ಸೆನ್ಯೋರಾ?
ನಾನು ಬೆಳಕಿಗೆ ಹಿಡಿದು ನೋಡಿದೆ,
ತಟ್ಟೆಯನ್ನು ನೋಡುವ ಹಾಗೆಯೇ.