ನೀಲಿ ನಿಲ್ಲುವ ಹೊತ್ತು

ಹತ್ತು ಮಿಲಿ ಹಾಲಿಗೆ ಒಂದು ಮಿಲಿ ನೀಲಿ.
ಬಿರಡೆ ಒತ್ತಿ, ಮೆಲ್ಲಗೆ ಬೋರಲು ಮಾಡಿ, ಮತ್ತೆ ನೆಟ್ಟಗೆ ಮಾಡಿ
ಮೂವತ್ತೇಳು ಡಿಗ್ರಿಯ ನೀರಿಗೆ ಇಳಿಬಿಡುತ್ತೇನೆ.
ಜ್ವರವಿಲ್ಲದ ಮೈಯ ಬಿಸುಪು ಅದು;
ಕರುವಿಗಾದರೆ ಇನ್ನೊಂದು ಡಿಗ್ರಿ ಜಾಸ್ತಿ.

ಆಮೇಲೆ ಕಾಯುವುದೇ ಕೆಲಸ.
ನುಗ್ಗೇಹಳ್ಳಿಯ ಶೀತಲ ಕೇಂದ್ರದಲ್ಲಿ ಹನ್ನೊಂದು ವರ್ಷ
ನೀಲಿ ಅಳಿಯುವುದನ್ನು ನೋಡಿ ಸಂಬಳ ತಗೊಂಡಿದ್ದೇನೆ.

ಹಾಲಿನೊಳಗೆ ಅವು ಉಸಿರಾಡುತ್ತವೆ,
ಕಣ್ಣಿಗೆ ಬೀಳದವು.
ತೊಳೆಯದ ಕೈಯಿಂದ, ಕ್ಯಾನಿನ ಕಂಠದ ಜಿಡ್ಡಿನಿಂದ,
ಗಂಜಲ ಇಂಗಿದ ತೊಟ್ಟಿಯ ನೀರಿನಿಂದ ಬಂದವು.
ಅವು ಉಸಿರೆಳೆದಷ್ಟೂ ನೀಲಿ ತೆಳುವಾಗುತ್ತದೆ.
ಅರ್ಧ ಗಂಟೆಗೇ ಬೆಳ್ಳಗಾದರೆ ಚೆಲ್ಲು.
ಎರಡು ತಾಸು ನಿಂತರೆ ಪರವಾಗಿಲ್ಲ.
ಐದು ತಾಸು ನಿಂತರೆ ಆ ಕೊಟ್ಟಿಗೆಗೆ ಕೈ ಮುಗಿ, ಎನ್ನುತ್ತಿದ್ದರು
ನನಗೆ ಕೆಲಸ ಕಲಿಸಿದ ಓಂಕಾರಯ್ಯ.

ಆ ಮಂಗಳವಾರ ಹದಿನೇಳನೇ ಕೊಳವೆ
ಐದು ತಾಸಾದರೂ ನೀಲಿ, ಏಳಾದರೂ ನೀಲಿ.
ಬಾಗಿಲು ಹಾಕುವ ಹೊತ್ತಿಗೂ
ಆಗತಾನೆ ತೊಡಿಸಿದ ಬಳೆಯಷ್ಟು ನೀಲಿ.
ಚಿಕ್ಕತಾಯಮ್ಮನ ಹಾಲು.
ಬೋರ್ಡಲ್ಲಿ ಹೆಸರು ಬರೀರಿ, ಅಂದರು ಮ್ಯಾನೇಜರು.
ಬರೆದೆ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ.
ಮಿಕ್ಕ ಅರ್ಧ ಲೀಟರು ಮನೆಗೆ ತಂದೆ.
ಅಂಥ ಹಾಲಿನ ಮೊಸರು ಹೇಗಿರಬಹುದು!

ಕಾಯಿಸಿ, ಆರಿಸಿ, ಹೆಪ್ಪು ಹಾಕಿದೆ.
ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇದೆ.
ಹೆಪ್ಪಿನ ಚೂರು ತಳದಲ್ಲಿ,
ಯಾರೂ ಮಾತಾಡಿಸದ ಬೀಗರ ಮನೆಯಲ್ಲಿ ಕೂತ ಹಾಗೆ.
ಚಳಿಗೆ ಹೆಪ್ಪಾಗಿಲ್ಲ, ಅಂದರು ಅತ್ತೆ.
ಯುಗಾದಿ ಕಳೆದು ಎಂಟು ದಿನ. ಎಲ್ಲಿಯ ಚಳಿ?

ಆಗ ಹೊಳೆಯಿತು.
ನಾನು ಕೈ ಮುಗಿದ ಹಾಲಿನಲ್ಲಿ
ಉಸಿರಾಡುವುದಕ್ಕೆ ಯಾರನ್ನೂ ಬಿಟ್ಟಿರಲಿಲ್ಲ.

ಅವರ ಕೊಟ್ಟಿಗೆಗೆ ಹೋದೆ.
ಕಪ್ಪು ಬಿಳಿ ಹಸು, ಹಿಂದಿನ ಎಡ ಮೊಲೆ ಕಲ್ಲುಕಟ್ಟಿ ಕೆಂಪಗಿತ್ತು.
ಸೂರಿನ ಗಳಕ್ಕೆ ಸಿಕ್ಕಿಸಿದ ಸಿರಿಂಜು,
ಕೆಳಗೆ ಖಾಲಿ ಬಾಟಲಿ ನಾಲ್ಕು.
‘ಇಂಜೆಕ್ಷನ್ ಯಾವಾಗ ಆಗಿದ್ದು?’
‘ನೆನ್ನೆನೂ ಆಯ್ತು. ನಾನೇ ಚುಚ್ಚಿದೆ.’
‘ಡೈರಿಗೆ ಹಾಕ್ಬೇಡಿ ಅಂದಿರ್ಲಿಲ್ವಾ ಡಾಕ್ಟ್ರು?’
‘ಅಂದಿದ್ರು. ಕರೆದಿದ್ದನ್ನ ಮಣ್ಣಿಗೆ ಸುರಿಯಕ್ಕೆ
ಕೈ ಬರ್ಬೇಕಲ್ಲ ತಾಯಿ.
ಕೆಟ್ಟಾಲು ಅಲ್ವಲ್ಲ ಅದು.
ನೀವೇ ಬೋರ್ಡಲ್ಲಿ ನನ್ನೆಸ್ರು ಬರೆದ್ರಂತೆ.’

ಸೆರಗಿನಲ್ಲಿ ಕೈ ಒರೆಸಿಕೊಂಡು ನಗುತ್ತಿದ್ದರು.

ನನ್ನ ಚೀಲದಲ್ಲಿ ಮಗನ ಕಿವಿ ಸೋರುವುದಕ್ಕೆ
ಚನ್ನರಾಯಪಟ್ಟಣದ ಡಾಕ್ಟರು ಮೂರನೇ ಸಲ ಬದಲಿಸಿದ ಚೀಟಿ ಇತ್ತು.
‘ಹಿಂದಿನ ಮದ್ದಿಗೆ ಕೇಳ್ತಾ ಇಲ್ಲ’ ಅಂದಿದ್ದರು.
ಕಿವಿಯ ಮಾತೋ, ಕಿವಿಯೊಳಗೆ ಕೂತವುಗಳ ಮಾತೋ.
ಇದಕ್ಕೂ ಅದಕ್ಕೂ ನಂಟಿದೆ ಎಂದು
ನನ್ನ ಯಾವ ಕೊಳವೆಯೂ ಹೇಳುವುದಿಲ್ಲ.
ಇಲ್ಲ ಎಂದೂ ಹೇಳುವುದಿಲ್ಲ.

ಸಂಜೆ ಒದ್ದೆ ಬಟ್ಟೆಯಲ್ಲಿ ಹೆಸರು ಒರೆಸಿದೆ. ಯಾರೂ ಕೇಳಲಿಲ್ಲ.
ಚಿಕ್ಕತಾಯಮ್ಮ ಆರು ದಿನ ಡೈರಿಯ ಕಡೆ ಬರಲಿಲ್ಲ;
ಆ ಹಾಲು ಏನಾಯಿತೋ, ನಾನೂ ಕೇಳಲಿಲ್ಲ.

ಏಳನೇ ದಿನ ಹದಿನೇಳನೇ ಕೊಳವೆ.
ಗಡಿಯಾರ ನೋಡಿದೆ, ನೀಲಿ ನೋಡಿದೆ, ಮತ್ತೆ ಗಡಿಯಾರ.
ಮೂರು ತಾಸಿಗೆ ಅಂಚು ಮಸುಕಾಯಿತು.
ಇನ್ನರ್ಧ ತಾಸಿಗೆ ಬೆಳ್ಳಗೆ.

ಬೋರ್ಡಿಗೆ ಏರುವ ಹಾಲಲ್ಲ.
ಉಸಿರಾಡುತ್ತಿತ್ತು.