ಎಂಟು ಕಿಲೋ ಚೆಂಡುಹೂ

ಬರ್ ದುಬೈನ ಗಲ್ಲಿಯಲ್ಲಿ ನಮ್ಮದು ಹೂವಿನ ಅಂಗಡಿ.
ಅಂಗಡಿಯೆಂದರೆ ಒಂದು ಫ್ರಿಜ್ಜು, ಒಂದು ತಕ್ಕಡಿ, ನಾನು.
ದೀಪಾವಳಿ ಕಳೆದು ವ್ಯಾಪಾರ ಬಾಡಿದ ವಾರ
ಬಂದಳು, ಕನ್ನಡಕ ನೆತ್ತಿಗೇರಿಸಿಕೊಂಡು,
ಕಿತ್ತಳೆ ಬಣ್ಣದ್ದು ಇರುವಷ್ಟೂ ಬೇಕು ಅಂದಳು.
ತೂಗಿದೆ. ಎಂಟು ಕಿಲೋ.
ಮದುವೆಯಾ ಮೇಡಂ?
ಅಲ್ಲ, ನಾಳೆ ರಾತ್ರಿ ನಮ್ಮ ಸತ್ತವರು ಬರುತ್ತಾರೆ.

ರಸೀದಿಗೆ ಹೆಸರು ಕೇಳಿದೆ. ಬರೆದದ್ದು ಜಸಿಂತಾ,
ಓದಿದ್ದು ಹಸೀಂತಾ. ಊರು ಮೆಕ್ಸಿಕೊದ ಯಾವುದೋ ಕಣಿವೆ.
ಹೂವನ್ನು ಸೆಂಪಸೂಚಿಲ್ ಎಂದು ಕರೆದಳು,
ಹುಟ್ಟಿದ್ದು ನಮ್ಮಲ್ಲಿ, ಅಂದಳು.
ಸುಳ್ಳು, ಗುಂಡ್ಲುಪೇಟೆಯಲ್ಲಿ, ಅಂದೆ.
ನಮ್ಮವ್ವ ಕೂಲಿಗೆ ಕಿತ್ತ ಹೂವಿಗೆ ಬೇರೆ ತವರೇ?
ಆಮೇಲೆ ಫೋನಿನಲ್ಲಿ ನೋಡಿದೆ. ಅವಳದೇ ಸರಿ.
ಇರಲಿ. ಸೊಸೆ ಯಾವ ದಿನದಿಂದ ಮನೆಯವಳಾದಳೆಂದು
ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಮಾರನೆ ಸಂಜೆ ಹೊತ್ತು ಹೋದೆ. ಅಲ್ ನಹ್ದಾ, ಹದಿನಾಲ್ಕನೇ ಮಹಡಿ.
ಮೇಜಿನ ಮೇಲೆ ಮೆಟ್ಟಿಲಾಗಿ ಜೋಡಿಸಿದ ಖರ್ಜೂರದ ಖಾಲಿ ಪೆಟ್ಟಿಗೆಗಳು,
ಮೇಲೊಂದು ಕಸೂತಿ ಬಟ್ಟೆ,
ಅಲ್ಲಿ ಮೀಸೆಯ ಮುದುಕನೊಬ್ಬ, ಸಣ್ಣ ಹುಡುಗಿಯೊಬ್ಬಳು,
ಒಂದು ನಾಯಿ ಕೂಡ, ಚೌಕಟ್ಟಿನೊಳಗೆ.
ಗೊಂಬೆ ಕೂರಿಸಿದ್ದಾಳೆ ಎಂದುಕೊಂಡವನಿಗೆ
ಉಪ್ಪು, ಬನ್ನು, ತುಂಬಿದ ನೀರಿನ ಲೋಟ,
ಮುದುಕನ ಮುಂದಿನ ಒಂಟಿ ಸಿಗರೇಟು ಕಂಡು ತಿಳಿಯಿತು:
ಎಡೆ.
ಮಾರ್ನಮಿಯಲ್ಲಿ ನಾವೂ ಇಡುತ್ತೇವೆ, ತಾತನಿಗೆ ಬೀಡಿ, ಬಾಡಿನ ಸಾರು;
ಕದ ಮುಂದೆಳೆದು ಜಗಲಿಯಲ್ಲಿ ಕೂರುತ್ತೇವೆ,
ಅವರು ಉಂಡೇಳುವ ತನಕ ಕೆಮ್ಮುವುದೂ ಇಲ್ಲ.

ಇವಳು ಕದ ತೆರೆದೇ ಇಟ್ಟಳು. ಲಿಫ್ಟಿನಿಂದ ಹೊಸ್ತಿಲವರೆಗೆ
ಎಸಳು ಉದುರಿಸುತ್ತ ನಡೆದಳು,
ಎಲ್ಲ ಬಾಗಿಲೂ ಒಂದೇ ಥರ, ದಾರಿ ತಪ್ಪಬಾರದಲ್ಲ.
ಅವಳೂರಿನ ಧೂಪ ಸಿಗದೆ ಸಲಾಲಾದ ಲೋಬಾನ.
ಹೊಗೆ ಕಂಡರೆ ಅರಚುವ ಯಂತ್ರಕ್ಕೆ ಸ್ನಾನದ ಟೋಪಿ ತೊಡಿಸಿ
ಸ್ಟೂಲಿನ ಮೇಲೆ ನಿಂತೇ ನಕ್ಕಳು.
ಪಕ್ಕದ ಮನೆಯ ಈಜಿಪ್ಟಿನ ಅಜ್ಜಿ ಇಣುಕಿ
ಮಾಶಾಲ್ಲಾ, ಮಗುವಿನ ಹುಟ್ಟುಹಬ್ಬವಾ, ಅಂದಳು.
ಹೂಂ, ಅಂದಳು ಇವಳು,
ಸ್ವಲ್ಪ ಹೊತ್ತು ಬಿಟ್ಟು.

ನಿನಗೂ ಯಾರಾದರೂ ಇದ್ದರೆ ಇಡು, ಜಾಗವಿದೆ.

ಪೊನ್ನುರಂಗ. ಮೇಲಿನ ಮಂಚದವನು, ದಿಂಡಿಗಲ್ಲಿನವನು,
ನಾರಿನ ತುದಿ ಹಲ್ಲಲ್ಲಿ ಕಚ್ಚಿ ಹೂ ಕಟ್ಟಲು ಕಲಿಸಿದವನು.
ಒಂದು ಬೆಳಗ್ಗೆ ಅವನ ಅಲಾರಂ ಬಡಿಯುತ್ತಲೇ ಇತ್ತು.
ಹೂವು ಬಂದಿಳಿಯುವ ಕಾರ್ಗೋ ಬಾಗಿಲಲ್ಲೇ
ಅವನನ್ನು ಹತ್ತಿಸಿದೆವು. ಪೆಟ್ಟಿಗೆಯ ಮೇಲೆ ತೂಕ ಬರೆದಿತ್ತು.
ಊರಲ್ಲಿ ಮಗನಿದ್ದಾನೆ, ಮಾಡುವುದನ್ನು ಮಾಡುತ್ತಾನೆ.
ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಮಲಗಿದವನಿಗೆ
ಯಾವ ಶಾಸ್ತ್ರ, ಎಷ್ಟು ದಿನದ ಸೂತಕ?
ಫೋಟೊ ಇರಲಿಲ್ಲ. ಜೇಬಿನಲ್ಲಿ ಒಂದು ಮೊಳ ಬಾಳೆನಾರಿತ್ತು,
ಗಂಟು ಹಾಕಿ ನಾಯಿಯ ಪಕ್ಕ ಇಟ್ಟೆ.
ಯಾರೆಂದು ಅವಳು ಕೇಳಲಿಲ್ಲ.
ನಾಯಿಯನ್ನು ತುಸು ಸರಿಸಿದಳು.

ಬೆಳಗ್ಗೆ ಎಸಳು ಗುಡಿಸಲು ವಾಚ್‌ಮನ್ ನನ್ನನ್ನೇ ಕರೆಸಿದ.
ಸಿಗರೇಟು ಹಾಗೇ ಇತ್ತು. ನಾರು ಹಾಗೇ ಇತ್ತು.
ಲೋಟದ ನೀರು ಒಂದು ಬೆರಳು ಇಳಿದಿತ್ತು.
ಎ.ಸಿ. ಗಾಳಿಗೆ ನೀರು ಆರುತ್ತದೆ, ನನಗೂ ಗೊತ್ತು,
ಹೂವಿನ ಬಕೆಟ್ಟಿಗೆ ದಿನಾ ಸುರಿಯುವವನು ನಾನೇ.
ಆದರೂ ಲೋಟಕ್ಕೆ ಬೆರಳು ಹಚ್ಚಿ
ಇನ್ನೊಮ್ಮೆ ಅಳೆದೆ.